ಊರ ಶಾಲೆಗೆ ಡೆಸ್ಕೋ, ಲೋಕದ ಪೋಲಿಯೋಗೆ ಚೆಕ್ಕೋ: ರೋಟರಿ ಹಣದ ಹಂಚಿಕೆ, ಒಂದು ಪ್ರಕರಣ ಅಧ್ಯಯನ

ರೋಟರಿ ಅಂದರೆ ಲೋಕದ ತುಂಬ ಕ್ಲಬ್ಬುಗಳಿರುವ ಸೇವಾ ಸಂಸ್ಥೆ. ಸಣ್ಣ ಊರಿನ ಯಾವ ರೋಟರಿ ಕ್ಲಬ್ಬಿನ ಬಜೆಟ್ ಸಭೆಗೆ ಹೋದರೂ ಒಂದು ಮಾತು ಬಂದೇ ಬರುತ್ತದೆ. "ಸರ್, ನಮ್ಮ ಸರ್ಕಾರಿ ಶಾಲೇಲಿ ಮಕ್ಕಳು ನೆಲದ ಮೇಲೆ ಕೂತು ಬರೀತಿದ್ದಾರೆ. ಮೊದಲು ಡೆಸ್ಕ್ ಕೊಡಿಸೋಣ. ಪೋಲಿಯೋ ನಮ್ಮಲ್ಲಿ ಹೋಗಿ ಎಷ್ಟೋ ವರ್ಷ ಆಯ್ತು, ಇನ್ನೂ ಯಾಕೆ ದುಡ್ಡು ಕಳಿಸಬೇಕು?" ಎದುರು ಕೂತವರ ಉತ್ತರವೂ ಗೊತ್ತಿರುವುದೇ. "ಪಕ್ಕದ ದೇಶದಲ್ಲಿ ಇನ್ನೂ ಇದೆ ಸರ್. ಅಲ್ಲಿ ಹೋಗೋ ತನಕ ಇಲ್ಲಿ ಹೋದ ಲೆಕ್ಕ ಅಲ್ಲ."

ಇಬ್ಬರ ಮಾತೂ ಸರಿ. ಅದಕ್ಕೇ ಈ ವಾದ ಪ್ರತಿ ವರ್ಷ ಹೊಸದಾಗಿ ಶುರುವಾಗುತ್ತದೆ.

ಎಲ್ಲರಿಗೂ ಒಟ್ಟಾಗಿ ಸಿಗುವ ಕೆಲವು ಒಳಿತುಗಳನ್ನು ಅರ್ಥಶಾಸ್ತ್ರದವರು ಸಾರ್ವಜನಿಕ ಸರಕು ಅನ್ನುತ್ತಾರೆ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ, ದುಡ್ಡು ಕೊಡದವರನ್ನು ಹೊರಗಿಡಲೂ ಆಗುವುದಿಲ್ಲ. ಬೀದಿ ದೀಪ, ಊರ ಕೆರೆಯ ಏರಿ, ಹಳ್ಳಿಯ ಚರಂಡಿ, ಇವೆಲ್ಲ ಊರ ಮಟ್ಟದ ಒಳಿತು. ಪೋಲಿಯೋ ವೈರಸ್ಸೇ ಇಲ್ಲದ ಭೂಮಿ ಲೋಕದ ಮಟ್ಟದ ಒಳಿತು. ಅದು ಕೈಗೂಡಿದ ದಿನ ಒಂದು ಪೈಸೆ ಕೊಡದವರ ಮಕ್ಕಳಿಗೂ ಅಷ್ಟೇ ರಕ್ಷಣೆ ಸಿಗುತ್ತದೆ. ಹಾಗಿರುವಾಗ ಜನ ಯಾವುದಕ್ಕೆ ಎಷ್ಟು ಕೊಡುತ್ತಾರೆ? ಲೋಕಕ್ಕೆ ಕೊಟ್ಟಷ್ಟೂ ಊರಿಗೆ ಕಡಿಮೆ ಆಗುತ್ತಾ? ಇದನ್ನು ನೋಡಲು ರೋಟರಿ ಮತ್ತು ಪೋಲಿಯೋದ ಕಥೆಗಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ನಲವತ್ತು ವರ್ಷದ ಲೆಕ್ಕ ಇಲ್ಲಿದೆ. ಲಕ್ಷಾಂತರ ಜನ ಸ್ವಂತ ಜೇಬಿನಿಂದ ಎರಡೂ ಕಡೆ ಕೊಟ್ಟಿದ್ದಾರೆ.

ದುಡ್ಡು ಶುರುವಾದ ಬಗೆ

1979ರಲ್ಲಿ ರೋಟರಿ ಫಿಲಿಪೀನ್ಸ್‌ನಲ್ಲಿ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ಕೆಲಸ ಕೈಗೆತ್ತಿಕೊಂಡಿತು. ಅದು ಒಂದು ದೇಶದ ಕೆಲಸ, ಮುಗಿಯುವಂಥದ್ದು. ಅಲ್ಲಿ ಬಂದ ಧೈರ್ಯದಿಂದ 1985ರಲ್ಲಿ ಪೋಲಿಯೋಪ್ಲಸ್ ಅನ್ನುವ ಕಾರ್ಯಕ್ರಮ ಘೋಷಿಸಿ, 12 ಕೋಟಿ ಡಾಲರ್ ಎತ್ತುತ್ತೇವೆ ಅಂದರು. 1988ರ ಹೊತ್ತಿಗೆ ಬಂದದ್ದು 24.7 ಕೋಟಿ ಡಾಲರ್, ಅಂದರೆ ಗುರಿಯ ಎರಡು ಪಟ್ಟಿಗಿಂತ ಜಾಸ್ತಿ.

ಆ ಹಣ ಕೊಟ್ಟವರಲ್ಲಿ ಬಹುಪಾಲು ಜನ ಅಂಗಡಿ, ಕ್ಲಿನಿಕ್, ಫ್ಯಾಕ್ಟರಿ ನಡೆಸುವ ಸಾಮಾನ್ಯ ಸದಸ್ಯರು. ಎಷ್ಟೋ ಜನರ ದೇಶದಲ್ಲಿ ಪೋಲಿಯೋ ಆಗಲೇ ಹೆಚ್ಚುಕಡಿಮೆ ಮಾಯವಾಗಿತ್ತು. ಊರಲ್ಲಿ ಇಲ್ಲದ ಕಾಯಿಲೆಗೆ ಅವರು ಹಣ ಕೊಟ್ಟರು.

1988ರಲ್ಲಿ ವಿಶ್ವ ಆರೋಗ್ಯ ಸಭೆ ಪೋಲಿಯೋ ನಿರ್ಮೂಲನೆಯ ನಿರ್ಣಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ರೋಟರಿ ಒಂದಾಗಿ ಕೆಲಸ ಹಂಚಿಕೊಂಡವು. ಆಗ 125 ದೇಶಗಳಲ್ಲಿ ವೈರಸ್ ಇತ್ತು. ವರ್ಷಕ್ಕೆ ಸುಮಾರು 3,50,000 ಮಕ್ಕಳ ಕೈಕಾಲು ಸ್ವಾಧೀನ ತಪ್ಪುತ್ತಿತ್ತು.

10,000 ರೂಪಾಯಿ ಹೋಗುವ ದಾರಿ

ಈಗ ಹಂಚಿಕೆಗೆ ಬರೋಣ. ಕರ್ನಾಟಕದ ಒಬ್ಬ ಸದಸ್ಯರು ರೋಟರಿಯ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಶನ್ನಿನ ವಾರ್ಷಿಕ ನಿಧಿಗೆ 10,000 ರೂಪಾಯಿ ಕೊಟ್ಟರು ಅಂದುಕೊಳ್ಳಿ. ಹಣ ತಕ್ಷಣ ಖರ್ಚಾಗುವುದಿಲ್ಲ. ಮೂರು ವರ್ಷ ಹೂಡಿಕೆಯಲ್ಲಿ ಇರುತ್ತದೆ. ಈಗಿನ ನಿಯಮದ ಪ್ರಕಾರ ಅದರಲ್ಲಿ 5%, ಅಂದರೆ 500 ರೂಪಾಯಿ, ಸಂಸ್ಥೆ ನಡೆಸುವ ಖರ್ಚಿಗೆ. ಉಳಿದದ್ದು ಸರಿಯಾಗಿ ಎರಡು ಪಾಲು. 4,750 ರೂಪಾಯಿ ಆ ಸದಸ್ಯರ ಡಿಸ್ಟ್ರಿಕ್ಟಿನ ಹೆಸರಿಗೆ, ಇನ್ನು 4,750 ವಿಶ್ವ ನಿಧಿಗೆ, ಅಂದರೆ ಎಲ್ಲ ದೇಶಗಳ ರೋಟರಿಗೂ ಸೇರಿದ ಒಂದೇ ನಿಧಿಗೆ. (ರೋಟರಿಯ ಡಿಸ್ಟ್ರಿಕ್ಟ್ ಅಂದರೆ ಸರ್ಕಾರದ ಜಿಲ್ಲೆ ಅಲ್ಲ. ಹತ್ತಾರು ಕ್ಲಬ್ಬುಗಳು ಸೇರಿದ ಒಂದು ಪ್ರದೇಶ.)

ಡಿಸ್ಟ್ರಿಕ್ಟಿಗೆ ಮರಳಿದ ಹಣದಲ್ಲಿ ಅರ್ಧದವರೆಗೆ ಸಣ್ಣಪುಟ್ಟ ಕೆಲಸಕ್ಕೆ ಬಳಸಬಹುದು. ಡೆಸ್ಕು, ಕುಡಿಯುವ ನೀರಿನ ಫಿಲ್ಟರ್, ಶಾಲೆಯ ಶೌಚಾಲಯ ಬರುವುದು ಇಲ್ಲಿಂದ. ನಮ್ಮ 10,000ದ ಲೆಕ್ಕದಲ್ಲಿ ಇದು ಹೆಚ್ಚೆಂದರೆ 2,375 ರೂಪಾಯಿ. ಮಿಕ್ಕದ್ದನ್ನು 'ಗ್ಲೋಬಲ್ ಗ್ರಾಂಟ್' ಅನ್ನುವ ದೊಡ್ಡ ಯೋಜನೆಗೆ ಹಾಕಬಹುದು, ಇಲ್ಲವೇ ಪೋಲಿಯೋಗೆ ಕೊಡಬಹುದು.

ಗ್ಲೋಬಲ್ ಗ್ರಾಂಟಿನ ನಿಯಮವನ್ನು ಸ್ವಲ್ಪ ಗಮನಿಸಿ ನೋಡಬೇಕು. ಯೋಜನೆ ಕನಿಷ್ಠ 30,000 ಡಾಲರ್‌ನದ್ದಾಗಿರಬೇಕು. ಕೆಲಸ ನಡೆಯುವ ಊರಿನ ಕ್ಲಬ್ಬಿನ ಜೊತೆ ಬೇರೆ ದೇಶದ ಒಂದು ಕ್ಲಬ್ ಕೈಜೋಡಿಸಲೇಬೇಕು. ಡಿಸ್ಟ್ರಿಕ್ಟ್ ತನ್ನ ಪಾಲಿನಿಂದ ಹಾಕುವ ಪ್ರತಿ 100 ರೂಪಾಯಿಗೆ ವಿಶ್ವ ನಿಧಿ 80 ರೂಪಾಯಿ ಸೇರಿಸುತ್ತದೆ. ಹೀಗೆ ನಮ್ಮ ತಾಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬರುವಾಗ ಅದರಲ್ಲಿ ಜಪಾನಿನವರ, ಕೆನಡಾದವರ, ಎಂದೂ ನೋಡದ ಊರಿನವರ ಹಣವೂ ಸೇರಿರುತ್ತದೆ. ಇಂಥ ಗ್ರಾಂಟು ಹೆಚ್ಚಾಗಿ ಬರುವ ದೇಶಗಳಲ್ಲಿ ಭಾರತವೂ ಒಂದು. ಲೋಕದ ಡಬ್ಬಿಗೆ ಹಾಕಿದ್ದು ಸುತ್ತಿಕೊಂಡು ಊರಿಗೇ ಬರುವ ದಾರಿ ಇದು.

ಪೋಲಿಯೋಗೆ ಬೇರೆಯದೇ ಉತ್ತೇಜನ ಇದೆ. ಡಿಸ್ಟ್ರಿಕ್ಟ್ ತನ್ನ ಪಾಲಿನಿಂದ ಪೋಲಿಯೋಗೆ ಕೊಟ್ಟರೆ ವಿಶ್ವ ನಿಧಿ ಅದರ ಅರ್ಧದಷ್ಟನ್ನು ಸೇರಿಸುತ್ತದೆ. ಅದಲ್ಲದೆ 2013ರಿಂದ ರೋಟರಿ ಎತ್ತುವ ಪ್ರತಿ ಡಾಲರಿಗೆ ಬಿಲ್ ಗೇಟ್ಸ್ ಅವರ ದತ್ತಿ ಸಂಸ್ಥೆ ಗೇಟ್ಸ್ ಫೌಂಡೇಶನ್ ಎರಡು ಡಾಲರ್ ಹಾಕುತ್ತಾ ಬಂದಿದೆ. ಮೊದಲು ವರ್ಷಕ್ಕೆ 3.5 ಕೋಟಿ ಡಾಲರ್‌ವರೆಗೆ, 2017ರಿಂದ 5 ಕೋಟಿ ಡಾಲರ್‌ವರೆಗೆ. ಪ್ರತಿ ಕ್ಲಬ್ ವರ್ಷಕ್ಕೆ 1,500 ಡಾಲರ್, ಪ್ರತಿ ಡಿಸ್ಟ್ರಿಕ್ಟ್ ತನ್ನ ಪಾಲಿನಲ್ಲಿ 20% ಪೋಲಿಯೋಗೆ ಕೊಡಲಿ ಅನ್ನುವುದು ರೋಟರಿಯ ಕೋರಿಕೆ. ಕೋರಿಕೆ ಅಷ್ಟೇ, ಕಡ್ಡಾಯ ಅಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ತುಂಬಾ ಜಾಣತನದ್ದು ಅನ್ನಿಸುವುದು ಆ ಅರ್ಧ-ಅರ್ಧ. ಹಣ ಕೊಡುವವರು ಪ್ರತಿ ಸಲ ಕೂತು 'ಊರಿಗೆಷ್ಟು, ಹೊರಗೆಷ್ಟು' ಅಂತ ತೂಗಬೇಕಾಗಿಲ್ಲ. ಚೆಕ್ ಬರೆಯುವಾಗಲೇ ಅದು ತೀರ್ಮಾನವಾಗಿರುತ್ತದೆ. ಹಾಗೆಯೇ 1,000 ಡಾಲರ್ ಕೊಟ್ಟವರಿಗೆ ಸಿಗುವ 'ಪಾಲ್ ಹ್ಯಾರಿಸ್ ಫೆಲೋ' ಗೌರವ ವಾರ್ಷಿಕ ನಿಧಿಗೆ ಕೊಟ್ಟರೂ ಅದೇ, ಪೋಲಿಯೋಗೆ ಕೊಟ್ಟರೂ ಅದೇ. ಕೋಟಿನ ಮೇಲಿನ ಪಿನ್ ನೋಡಿ ಇವರು ಊರಿಗೆ ಕೊಟ್ಟವರೋ ಲೋಕಕ್ಕೆ ಕೊಟ್ಟವರೋ ಅಂತ ಹೇಳಲು ಆಗುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಎರಡಕ್ಕೂ ಬೇರೆ ಬೇರೆ ಪಿನ್ ಇದ್ದಿದ್ದರೆ ಯಾವುದು ದೊಡ್ಡದು ಅನ್ನುವ ಚರ್ಚೆಯೇ ಮೊದಲು ಏಳುತ್ತಿತ್ತು.

ಗೇಟ್ಸ್ ಫೌಂಡೇಶನ್ನಿನ ಎರಡು ಪಟ್ಟಿನ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. 'ನೀವು ಒಂದು ರೂಪಾಯಿ ಕೊಟ್ಟರೆ ಮೂರಾಗುತ್ತದೆ' ಅನ್ನುವುದು ಕೇಳಲು ಚೆಂದ. ಆದರೆ ಅದಕ್ಕೆ ಮೇಲ್ಮಿತಿ ಇದೆ. ರೋಟರಿ ಆ ವರ್ಷ ಮಿತಿ ಮುಟ್ಟಿಬಿಟ್ಟರೆ ಆಮೇಲಿನ ರೂಪಾಯಿ ಒಂದೇ ರೂಪಾಯಿ. ಮುಟ್ಟದೆ ಹೋದರೆ ನಿಮ್ಮ ರೂಪಾಯಿ ನಿಜವಾಗಿಯೂ ಮೂರು. ಹಾಗಾಗಿ ವರ್ಷದ ಕೊನೆಗೆ ಗುರಿಗೆ ಇನ್ನೂ ಎಷ್ಟು ಬಾಕಿ ಇದೆ ಅಂತ ಕೇಳಿ ಕೊಡುವುದು ಒಳ್ಳೆಯದು.

ಹತ್ತು ಟೋಕನ್ನಿನ ಆಟ

ಜನ ನಿಜಕ್ಕೂ ಹೇಗೆ ಹಂಚುತ್ತಾರೆ ಅಂತ ನೋಡಲು ಸಂಶೋಧಕಿ ನ್ಯಾನ್ಸಿ ಬುಕನ್ ಮತ್ತು ಅವರ ಸಂಗಡಿಗರು ಆರು ದೇಶಗಳಲ್ಲಿ ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಅಮೆರಿಕ, ಇಟಲಿ, ರಷ್ಯಾ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ, ಇರಾನ್. ಒಬ್ಬೊಬ್ಬರ ಕೈಗೆ ಹತ್ತು ಟೋಕನ್. ಮೂರು ಕಡೆ ಹಾಕಬಹುದು. ತನ್ನ ಬಳಿಯೇ ಇಟ್ಟುಕೊಂಡರೆ ಒಂದು ಟೋಕನ್ ಒಂದೇ. ಊರಿನ ನಾಲ್ಕು ಜನರ ಡಬ್ಬಿಗೆ ಹಾಕಿದರೆ ಅದು ಎರಡಾಗಿ ನಾಲ್ವರಿಗೂ ಸಮನಾಗಿ ಹಂಚಿಹೋಗುತ್ತದೆ. ಲೋಕದ ಡಬ್ಬಿಗೆ ಹಾಕಿದರೆ ಮೂರಾಗಿ, ಬೇರೆ ದೇಶದವರೂ ಸೇರಿ ಹನ್ನೆರಡು ಜನರಿಗೆ ಹಂಚಿಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಊರ ಡಬ್ಬಿಗೆ ಹಾಕಿದ ಒಂದು ಟೋಕನ್ನಿನಿಂದ ಹಾಕಿದವರಿಗೆ ವಾಪಸ್ ಬರುವುದು ಅರ್ಧ. ಲೋಕದ ಡಬ್ಬಿಯಿಂದ ಬರುವುದು ಕಾಲು. ಒಟ್ಟು ಲಾಭ ಮಾತ್ರ ಲೋಕದ ಡಬ್ಬಿಯಲ್ಲೇ ಹೆಚ್ಚು. ತನ್ನ ಲಾಭವೊಂದನ್ನೇ ನೋಡುವವರು ಎಲ್ಲವನ್ನೂ ಜೇಬಲ್ಲಿ ಇಟ್ಟುಕೊಳ್ಳಬೇಕು. ಜನ ಹಾಗೆ ಮಾಡಲಿಲ್ಲ. ಎರಡೂ ಡಬ್ಬಿಗೆ ಹಾಕಿದರು. ಯಾವ ದೇಶ ಹೊರಲೋಕದ ಜೊತೆ ಜಾಸ್ತಿ ಬೆಸೆದುಕೊಂಡಿದೆಯೋ ಅಲ್ಲಿನವರು ಲೋಕದ ಡಬ್ಬಿಗೆ ಹೆಚ್ಚು ಹಾಕಿದರು. ಒಂದೇ ದೇಶದೊಳಗೂ ಅಷ್ಟೇ, ಹೊರಗಿನವರ ಜೊತೆ ಒಡನಾಟ ಇರುವವರ ಕೈ ಲೋಕದ ಕಡೆ ಜಾಸ್ತಿ ಚಾಚಿತು. ಅದೇ ತಂಡ 2011ರಲ್ಲಿ ಇನ್ನೊಂದು ವಿಷಯ ಹೇಳಿತು. 'ಬೇರೆಯವರೂ ಹಾಕುತ್ತಾರೆ' ಅನ್ನುವ ನಿರೀಕ್ಷೆ ಒಂದು ಕಾರಣ. 'ನಾನೂ ಈ ಲೋಕದವನೇ' ಅನ್ನುವ ಭಾವನೆ ಅದರಿಂದ ಬೇರೆಯಾದ, ತನ್ನದೇ ಬಲವಿರುವ ಕಾರಣ.

ರೋಟರಿಯನ್ನು ಈ ಬೆಳಕಲ್ಲಿ ನೋಡಿದರೆ ಅದರ ಎಷ್ಟೋ ಪದ್ಧತಿಗಳು ಅರ್ಥವಾಗುತ್ತವೆ. ಬೇರೆ ದೇಶದ ಹುಡುಗ ಒಂದು ವರ್ಷ ನಮ್ಮೂರ ಸದಸ್ಯರ ಮನೆಯಲ್ಲಿ ಉಳಿದು ಓದುತ್ತಾನೆ. ಪಲ್ಸ್ ಪೋಲಿಯೋ ಸಮಯಕ್ಕೆ ಇಂಗ್ಲೆಂಡ್, ಅಮೆರಿಕದ ಸದಸ್ಯರು ಸ್ವಂತ ಖರ್ಚಿನಲ್ಲಿ ಬಂದು ಉತ್ತರ ಭಾರತದ ಬೂತುಗಳಲ್ಲಿ ನಿಂತು ಹನಿ ಹಾಕುತ್ತಿದ್ದರು. ಮುಖ ನೋಡಿದ ಮೇಲೆ ಕೈ ಬಿಚ್ಚುವುದು ಸುಲಭ, ಅಲ್ವಾ?

ಏರಿ ಒಡೆಯುವ ಜಾಗ

ಆದರೆ ಪೋಲಿಯೋ ಆ ಆಟದ ಡಬ್ಬಿಯ ಹಾಗಿಲ್ಲ. ಆಟದಲ್ಲಿ ಯಾರು ಎಷ್ಟು ಹಾಕಿದರೂ ಒಟ್ಟು ಕೂಡುತ್ತಾ ಹೋಗುತ್ತದೆ. ಪೋಲಿಯೋ ನಿರ್ಮೂಲನೆ ಕೆರೆ ಏರಿಯ ಹಾಗೆ. ಎಲ್ಲ ಕಡೆ ಗಟ್ಟಿ ಇದ್ದು ಒಂದು ಕಡೆ ಕುಸಿದರೂ ನೀರು ನಿಲ್ಲುವುದಿಲ್ಲ. ವೈರಸ್ ಕರುಳಲ್ಲಿ ಬೆಳೆದು ಮಲದ ಮೂಲಕ ನೀರಿಗೆ, ಕೈಗೆ, ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಬೀಳುತ್ತದೆ. ಒಂದು ಪ್ರಕರಣ ಕಣ್ಣಿಗೆ ಬೀಳುವ ಹೊತ್ತಿಗೆ ನೂರಾರು ಜನರಲ್ಲಿ ವೈರಸ್ ಸದ್ದಿಲ್ಲದೆ ಓಡಾಡಿರುತ್ತದೆ.

2003ರಲ್ಲಿ ನೈಜೀರಿಯಾದ ಉತ್ತರದ ಕೆಲವು ರಾಜ್ಯಗಳು ಲಸಿಕೆ ನಿಲ್ಲಿಸಿದವು. ಲಸಿಕೆಯಿಂದ ಹೆಣ್ಣುಮಕ್ಕಳಿಗೆ ಬಂಜೆತನ ಬರುತ್ತದೆ ಅನ್ನುವ ಸುದ್ದಿ ಹಬ್ಬಿತ್ತು. ಕಾನೋ ರಾಜ್ಯದಲ್ಲಿ ಸುಮಾರು 11 ತಿಂಗಳು ಹನಿ ನಿಂತೇ ಹೋಯಿತು. ಕೊನೆಗೆ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯಾದರೆ ಒಪ್ಪುತ್ತೇವೆ ಅಂದರು, 2004ರಲ್ಲಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ನೈಜೀರಿಯಾದ ವೈರಸ್ ಸುಡಾನ್, ಯೆಮೆನ್ ದಾಟಿತ್ತು. 2005ರಲ್ಲಿ ಅದು ಇಂಡೋನೇಷ್ಯಾಕ್ಕೇ ಬಂತು. ಹತ್ತು ವರ್ಷದಿಂದ ಪೋಲಿಯೋ ಇಲ್ಲದಿದ್ದ ಆ ದೇಶದಲ್ಲಿ ಒಂದೇ ವರ್ಷ ಸುಮಾರು 300 ಮಕ್ಕಳಿಗೆ ಕಾಯಿಲೆ ಬಂತು.

ನಮ್ಮ ದೇಶದಿಂದಲೂ ಹೋಗಿದೆ. 2010ರಲ್ಲಿ ತಜಿಕಿಸ್ತಾನದಲ್ಲಿ 450ಕ್ಕೂ ಹೆಚ್ಚು ಜನರಿಗೆ ಪೋಲಿಯೋ ಬಂತು. ವೈರಸ್ಸಿನ ವಂಶಾವಳಿ ನೋಡಿದರೆ ಅದರ ಬೇರು ಉತ್ತರ ಪ್ರದೇಶದಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಲಯ 2002ರಲ್ಲೇ ಪೋಲಿಯೋಮುಕ್ತ ಅಂತ ಪ್ರಮಾಣಪತ್ರ ಪಡೆದಿತ್ತು. ತಜಿಕಿಸ್ತಾನ ಆ ವಲಯದ್ದೇ. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ವೈರಸ್ ಗಡಿಯಲ್ಲಿ ನಿಲ್ಲಲಿಲ್ಲ.

ಇದರಿಂದ ಲೆಕ್ಕ ತಿರುಗುತ್ತದೆ. 'ಮನೆ ಗೆದ್ದು ಮಾರು ಗೆಲ್ಲು' ಅನ್ನುವ ಗಾದೆಯನ್ನು ಡೆಸ್ಕಿನ ಪರವಾಗಿರುವವರು ಹೇಳುತ್ತಾರೆ, ಹೆಚ್ಚಿನ ವಿಷಯಗಳಲ್ಲಿ ಅದು ಸರಿಯೂ ಹೌದು. ಇಲ್ಲಿ ಮಾತ್ರ ಮಾರು ಗೆಲ್ಲದೆ ಮನೆ ಗೆದ್ದದ್ದು ಉಳಿಯುವುದಿಲ್ಲ. ಕಲಬುರಗಿಯ ಮಗುವಿನ ರಕ್ಷಣೆಗೆ ಖರ್ಚು ಮಾಡಬೇಕಾದ ಜಾಗ ಕರಾಚಿ ಆಗಿರಬಹುದು. ಹಾಗೆ ಖರ್ಚು ಮಾಡುವುದನ್ನು ನಾನು ದಾನ ಅನ್ನುವುದಿಲ್ಲ.

ಬಾಗಿಲ ಹಿಂದಿನ ತಾಯಿ

ಇಲ್ಲಿಯವರೆಗೆ ಹಣ ಕೊಡುವವರ ಮಾತಾಯಿತು. ಈ ಪ್ರಕರಣದಲ್ಲಿ ಕೊಡುಗೆ ಕೊಡುವ ಇನ್ನೊಬ್ಬರಿದ್ದಾರೆ. ಅವರ ಹೆಸರು ಯಾವ ದಾನಿಗಳ ಪಟ್ಟಿಯಲ್ಲೂ ಇರುವುದಿಲ್ಲ.

ಪಲ್ಸ್ ಪೋಲಿಯೋ ದಿನ ನೆನಪಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಂದು ಟೇಬಲ್. ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ. ಮಗುವಿನ ಕೆನ್ನೆ ಮೆಲ್ಲಗೆ ಒತ್ತಿ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಬೂತಿಗೆ ಬಾರದವರನ್ನು ಹುಡುಕಿಕೊಂಡು ಮರುದಿನದಿಂದ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಮನೆ ಮನೆಗೆ. ಎಲ್ಲ ಮಕ್ಕಳಿಗೂ ಹಾಕಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಪಿ', ಯಾರಾದರೂ ಬಿಟ್ಟುಹೋಗಿದ್ದರೆ 'ಎಕ್ಸ್'. ದೇಶದಾದ್ಯಂತ ಒಂದು ಸುತ್ತಿಗೆ ಸುಮಾರು 17 ಕೋಟಿ ಮಕ್ಕಳು, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಲಸಿಕೆ ಕಾರ್ಯಕರ್ತರು. ಇದರ ಖರ್ಚಿನ ದೊಡ್ಡ ಭಾಗವನ್ನು ಭಾರತ ಸರ್ಕಾರವೇ ಹೊತ್ತಿತು, ಅಂದರೆ ತೆರಿಗೆ ಕಟ್ಟುವ ನಾವೆಲ್ಲ.

ನಮ್ಮ ಕಡೆ ಇದು ಹಬ್ಬದ ಹಾಗೆ ವರ್ಷಕ್ಕೆ ಒಂದೆರಡು ಸಲ. ಪಶ್ಚಿಮ ಉತ್ತರ ಪ್ರದೇಶದ ಮೊರಾದಾಬಾದ್ ಸುತ್ತಮುತ್ತ, ಬಿಹಾರದ ಕೋಸಿ ನದಿಯ ಬಯಲಲ್ಲಿ ಹಾಗಿರಲಿಲ್ಲ. ಅಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಸುತ್ತು. ಕಾರಣ ಸರಳ. ಜನ ಒತ್ತೊತ್ತಾಗಿ ಬದುಕುತ್ತಾರೆ, ಚರಂಡಿ ಇಲ್ಲ, ಮಕ್ಕಳಿಗೆ ಪದೇ ಪದೇ ಭೇದಿ. ಭೇದಿ ಇರುವ ಕರುಳಲ್ಲಿ ಬಾಯಿಯ ಲಸಿಕೆ ಸರಿಯಾಗಿ ನಾಟುವುದಿಲ್ಲ. ಹತ್ತು ಸಲ ಹಾಕಿಸಿಕೊಂಡ ಮಗುವಿಗೂ ಪೋಲಿಯೋ ಬಂದದ್ದುಂಟು.

ಆ ತಾಯಿಯ ಜಾಗದಲ್ಲಿ ನಿಂತು ನೋಡಿ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ. ಕೈಪಂಪಿನ ನೀರು ಕೊಳಕು. ಭೇದಿಯಿಂದ ಪಕ್ಕದ ಮನೆಯ ಕೂಸು ಸತ್ತಿದೆ. ಅದಕ್ಕೆಲ್ಲ ಯಾರೂ ಬರುವುದಿಲ್ಲ. ಪೋಲಿಯೋ ಹನಿ ಮಾತ್ರ ತಿಂಗಳು ತಿಂಗಳೂ ಬಾಗಿಲಿಗೆ ಬರುತ್ತದೆ, ಅದೂ ಪುಕ್ಕಟೆ. ಇದರಲ್ಲಿ ಏನೋ ಇದೆ ಅಂತ ಅನುಮಾನ ಬಂದರೆ ತಪ್ಪೇನು? ಕೆಲವು ಕಡೆ ಜನ ಬಾಗಿಲು ಹಾಕಿಕೊಂಡರು. ಇನ್ನು ಕೆಲವು ಕಡೆ ಮೊದಲು ರಸ್ತೆ ಕೊಡಿ, ಕರೆಂಟು ಕೊಡಿ, ಆಮೇಲೆ ಹನಿ ಅಂದರು.

ಹಠ ಅಥವಾ ಅಜ್ಞಾನ ಅಂತ ಇದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರು ಹೇಳುತ್ತಿದ್ದದ್ದು ನಮ್ಮ ಕ್ಲಬ್ಬಿನ ಡೆಸ್ಕಿನ ಮಾತನ್ನೇ. ನಮ್ಮೂರಿನದು ಮೊದಲು, ಲೋಕದ್ದು ಆಮೇಲೆ. ಒಂದು ವ್ಯತ್ಯಾಸ ಇದೆ. ಕ್ಲಬ್ಬಿನ ಸದಸ್ಯರ ಕೈಯಲ್ಲಿ ಚೆಕ್ ಬುಕ್ ಇತ್ತು. ತಾಯಿಯ ಕೈಯಲ್ಲಿದ್ದದ್ದು ಬಾಗಿಲ ಚಿಲಕ. ಲೋಕದ ಒಳಿತಿಗೆ ಅವಳು ಕೊಡಬಹುದಾದ ಕೊಡುಗೆ ಆ ಬಾಗಿಲು ತೆರೆಯುವುದು. ಅದನ್ನು ಕೊಡುವ ಮೊದಲು ಊರಿಗೇನು ಅಂತ ಕೇಳುವ ಹಕ್ಕು ಅವಳಿಗೂ ಇದೆ.

2002ರಲ್ಲಿ ಭಾರತದಲ್ಲಿ 1,600 ಪ್ರಕರಣ, ಬಹುಪಾಲು ಉತ್ತರ ಪ್ರದೇಶದಲ್ಲಿ. 2009ರಲ್ಲೂ 741. ಆ ವರ್ಷ ಜಗತ್ತಿನ ಯಾವ ದೇಶದಲ್ಲೂ ಅಷ್ಟಿರಲಿಲ್ಲ. ಹೆಚ್ಚು ಹನಿ, ಹೆಚ್ಚು ಸುತ್ತು ಅನ್ನುವ ದಾರಿ ಒಂದು ಹಂತಕ್ಕೆ ಬಂದು ನಿಂತಿತ್ತು. ಆಗ ಎರಡು ಬದಲಾವಣೆ ಆದವು. ಒಂದು, 2010ರ ಜನವರಿಯಲ್ಲಿ ಎರಡು ಬಗೆಯ ವೈರಸ್ಸಿಗೆ ಒಟ್ಟಿಗೆ ಕೆಲಸ ಮಾಡುವ ಹೊಸ ಲಸಿಕೆ ಬಂತು. ಇನ್ನೊಂದು, 2009ರಲ್ಲಿ ಶುರುವಾದ 107 ಬ್ಲಾಕುಗಳ ಯೋಜನೆ. (ಬ್ಲಾಕು ಅಂದರೆ ನಮ್ಮ ತಾಲೂಕಿನಂಥ ಒಂದು ಘಟಕ.) ವೈರಸ್ ಬಿಟ್ಟುಹೋಗದ 66 ಬ್ಲಾಕು ಉತ್ತರ ಪ್ರದೇಶದಲ್ಲಿ, 41 ಬಿಹಾರದಲ್ಲಿ. ಅಲ್ಲಿ ಹನಿಯ ಜೊತೆಗೆ ಶುದ್ಧ ನೀರು, ಶೌಚಾಲಯ, ಕೈ ತೊಳೆಯುವ ಅಭ್ಯಾಸ, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ, ಉಳಿದ ಲಸಿಕೆಗಳು, ಎಲ್ಲಕ್ಕೂ ಗಮನ ಕೊಡಲು ಶುರು ಮಾಡಿದರು. ಅದಕ್ಕೂ ಮೊದಲಿನಿಂದ ಯುನಿಸೆಫ್ ಜೊತೆ ಅದೇ ಬೀದಿಯ ಹೆಂಗಸರು ಮನೆ ಮನೆಗೆ ಹೋಗಿ ಮಾತಾಡುತ್ತಿದ್ದರು. ರೋಟರಿಯವರು ಮೌಲ್ವಿಗಳ ಸಮಿತಿ ಕಟ್ಟಿ ಮಸೀದಿಯಿಂದಲೇ ಹೇಳಿಸಿದರು, ಉಚಿತ ಆರೋಗ್ಯ ಶಿಬಿರ ನಡೆಸಿದರು. ಹನಿ ಹಾಕಿಸಲು ಬಂದವರು ಮಗುವಿನ ಕೆಮ್ಮಿಗೂ ಔಷಧ ಕೊಟ್ಟರು.

2010ರಲ್ಲಿ 42 ಪ್ರಕರಣ. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಒಂದು ಹೆಣ್ಣುಮಗು. ಲಸಿಕೆಯಿಂದ ಬಂದದ್ದಲ್ಲದ, ಸಹಜ ವೈರಸ್ಸಿನ ಪ್ರಕರಣಗಳಲ್ಲಿ ನಮ್ಮ ದೇಶದಲ್ಲಿ ಅದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋಮುಕ್ತ ಅನ್ನುವ ಪ್ರಮಾಣಪತ್ರ ಬಂತು.

ಹೊಸ ಲಸಿಕೆಗೆ ಎಷ್ಟು ಪಾಲು, ನೀರು-ಶೌಚಾಲಯಕ್ಕೆ ಎಷ್ಟು ಪಾಲು ಅಂತ ಬೇರೆ ಮಾಡುವುದು ಕಷ್ಟ. ಲಸಿಕೆಯದೇ ದೊಡ್ಡ ಪಾಲು ಇರಬಹುದು. ಆದರೆ ಲಸಿಕೆ ಬಾಯಿಗೆ ಬೀಳಬೇಕಾದರೆ ಬಾಗಿಲು ತೆರೆಯಬೇಕು. ಈ ಪ್ರಕರಣದಿಂದ ನನಗೆ ಕಾಣುವ ಮುಖ್ಯ ವಿಷಯ ಇದು: ಲೋಕದ ಒಳಿತು ಕೊನೆಯ ಮನೆಗೆ ತಲುಪಿದ್ದು ಊರ ಒಳಿತಿನ ಹೆಗಲೇರಿಯೇ. ಅಲ್ಲಿ ಇವೆರಡೂ ಒಂದೇ ಹಣಕ್ಕೆ ಕಿತ್ತಾಡುವ ದಾಯಾದಿಗಳಾಗಿರಲಿಲ್ಲ.

ಪಾಕಿಸ್ತಾನದಲ್ಲಿ ಉಳಿದಿರುವುದು

ಇದೇ ಪಾಠವನ್ನು ಪಾಕಿಸ್ತಾನದಲ್ಲಿ ಕಷ್ಟಪಟ್ಟು ಕಲಿಯಬೇಕಾಗಿ ಬಂದಿದೆ. ಅಲ್ಲಿ ನಂಬಿಕೆಗೆ ಬಿದ್ದ ಪೆಟ್ಟು ದೊಡ್ಡದು. ಅಬೋಟಾಬಾದಿನಲ್ಲಿ ಬಿನ್ ಲಾಡೆನ್ ಹುಡುಕಾಟಕ್ಕಾಗಿ ಅಮೆರಿಕದ ಸಿಐಎ ಒಂದು ಸುಳ್ಳು ಹೆಪಟೈಟಿಸ್ ಲಸಿಕೆ ಅಭಿಯಾನ ನಡೆಸಿತ್ತು. 2011ರಲ್ಲಿ ಅದು ಬಯಲಾಯಿತು. 2012ರ ಡಿಸೆಂಬರಿನಿಂದ ಪೋಲಿಯೋ ಕಾರ್ಯಕರ್ತೆಯರ ಮೇಲೆ ಗುಂಡಿನ ದಾಳಿ ಶುರುವಾಯಿತು. ಅಂದಿನಿಂದ ಕಾರ್ಯಕರ್ತರು ಮತ್ತು ಕಾವಲಿನ ಪೊಲೀಸರು ಸೇರಿ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ದಿನಕ್ಕೆ ಕೆಲವು ನೂರು ರೂಪಾಯಿ ಸಿಗುವ ಕೆಲಸಕ್ಕೆ ಹೋಗಿ ಸತ್ತ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಲೋಕದ ಒಳಿತಿಗೆ ಅವರಿಗಿಂತ ಹೆಚ್ಚು ಕೊಟ್ಟವರು ಯಾರೂ ಇಲ್ಲ.

ಖೈಬರ್ ಪಖ್ತೂನ್‌ಖ್ವಾ, ಬಲೂಚಿಸ್ತಾನದ ಕಡೆ ಊರಿಗೆ ಊರೇ 'ಬೇಡಿಕೆ ಈಡೇರಿಸಿ, ಆಮೇಲೆ ಹನಿ' ಅಂತ ಬಹಿಷ್ಕಾರ ಹಾಕುವುದು ಈಗಲೂ ನಡೆಯುತ್ತದೆ. ಬೇಡಿಕೆ ಏನು? ಕರೆಂಟು, ರಸ್ತೆ, ನೀರು. ಸರ್ಕಾರ ತಮ್ಮ ಮಾತು ಕೇಳುವ ಒಂದೇ ಸಮಯ ಪೋಲಿಯೋ ಸುತ್ತು ಅಂತ ಅವರಿಗೆ ಗೊತ್ತಾಗಿದೆ. 2021ರಲ್ಲಿ ಪಾಕಿಸ್ತಾನದಲ್ಲಿ ಒಂದೇ ಒಂದು ಪ್ರಕರಣ ಇತ್ತು, ಇನ್ನೇನು ಮುಗಿಯಿತು ಅನ್ನಿಸಿತ್ತು. 2024ರಲ್ಲಿ ಅದು 74ಕ್ಕೆ ಏರಿತು. ಅಫ್ಘಾನಿಸ್ತಾನದಲ್ಲಿ 25.

ಪೋಲಿಯೋ ಇಲ್ಲ ಅಂದುಕೊಂಡ ಕಡೆಯೂ ನೆಮ್ಮದಿ ಇಲ್ಲ. ಪಾಕಿಸ್ತಾನದ ಜೊತೆ ನಂಟಿರುವ ವೈರಸ್ ಆಫ್ರಿಕಾದ ಮಲಾವಿಯಲ್ಲಿ ಕಾಣಿಸಿಕೊಂಡದ್ದು 2022ರಲ್ಲಿ ಗೊತ್ತಾಯಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಲಸಿಕೆ ಹಾಕಿಸಿಕೊಳ್ಳದ ಒಬ್ಬರಿಗೆ ಲಸಿಕೆಯಿಂದಲೇ ರೂಪಾಂತರಗೊಂಡ ಪೋಲಿಯೋ ಬಂತು, ಅಂದರೆ ಬಾಯಿಯ ಲಸಿಕೆಯಲ್ಲಿರುವ ದುರ್ಬಲ ವೈರಸ್ಸೇ ಹರಡುತ್ತಾ ಮತ್ತೆ ಬಲ ಪಡೆದದ್ದು. ಲಂಡನ್ನಿನ ಚರಂಡಿ ನೀರಲ್ಲೂ ಅಂಥ ವೈರಸ್ ಸಿಕ್ಕಿತು. 2024ರಲ್ಲಿ ನಮ್ಮ ಮೇಘಾಲಯದಲ್ಲಿ ಒಂದು ಮಗುವಿಗೂ ಹಾಗೇ ಆಯಿತು.

ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ಸಿಡುಬು ನಿರ್ಮೂಲನೆಯ ಮುಂದಾಳು ಡಿ. ಎ. ಹೆಂಡರ್ಸನ್ ಅವರಿಗೇ ಪೋಲಿಯೋ ನಿರ್ಮೂಲನೆಯ ಬಗ್ಗೆ ಸಂಶಯ ಇತ್ತು. ಕೊನೆಯ ಕೆಲವು ಪ್ರಕರಣಕ್ಕೆ ಸುರಿಯುವ ಹಣದಲ್ಲಿ ದಡಾರ, ನ್ಯುಮೋನಿಯಾದಿಂದ ಎಷ್ಟು ಮಕ್ಕಳನ್ನು ಉಳಿಸಬಹುದು ಅಂತ ಕೇಳುವವರಿದ್ದಾರೆ. ಈ ಪ್ರಶ್ನೆಗೆ ನನ್ನ ಉತ್ತರ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ. ಈಗ ಕೈಬಿಟ್ಟರೆ ವೈರಸ್ ಮತ್ತೆ ಹರಡುತ್ತದೆ, ನಲವತ್ತು ವರ್ಷದ ಹಣವೂ ದುಡಿಮೆಯೂ ನೀರುಪಾಲು. ಆದರೆ ಹನಿಯೊಂದನ್ನೇ ಹೊತ್ತುಕೊಂಡು ಹೋಗುವ ರೀತಿ ಮುಂದುವರಿದರೂ ಗೆಲ್ಲುವುದು ಕಷ್ಟ. ದಡಾರದ ಚುಚ್ಚುಮದ್ದು, ಭೇದಿಯ ಔಷಧ, ಗರ್ಭಿಣಿಯರ ತಪಾಸಣೆ ಅದೇ ಬ್ಯಾಗಿನಲ್ಲಿ ಹೋಗಬೇಕು. ಅದರ ಖರ್ಚನ್ನು ಪೋಲಿಯೋದ ಖರ್ಚು ಅಂತಲೇ ಬರೆಯಬೇಕು.

ಹಾಗಾದರೆ ಕ್ಲಬ್ಬಿನ ಸಭೆಗೆ ಏನು ಹೇಳೋಣ?

ಡೆಸ್ಕ್ ಕೇಳಿದವರಿಗೆ ಡೆಸ್ಕ್ ಕೊಡಿಸಿ. ಡಿಸ್ಟ್ರಿಕ್ಟಿನ ಪಾಲಲ್ಲಿ ಅದಕ್ಕೆಂದೇ ಜಾಗ ಇದೆ, ಪೋಲಿಯೋದ 20% ಕೊಟ್ಟ ಮೇಲೂ ಆ ಜಾಗ ಖಾಲಿಯಾಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಯಾರಾದರೂ ಒಬ್ಬರು ಮುನಿಸಿಕೊಂಡು ಎದ್ದುಹೋಗುತ್ತಾರೆ. ಬೇರೆ ಬೇರೆ ಬಾಬ್ತು ಅಂತ ಮೊದಲೇ ಇಟ್ಟರೆ ಎರಡಕ್ಕೂ ಹಣ ಬರುತ್ತದೆ. ರೋಟರಿಯ ನಿಯಮ ಬರೆದವರು ಇದನ್ನು ಬಲ್ಲವರಾಗಿದ್ದರು.

ಪೋಲಿಯೋ ಚೆಕ್ ಬೇಡ ಅನ್ನುವವರಿಗೆ ಅಂಕಿ ತೋರಿಸಿ. 2021ರ 1, 2024ರ 74. ನಮ್ಮ ದೇಶದಲ್ಲಿ ಇವತ್ತಿಗೂ ಪಲ್ಸ್ ಪೋಲಿಯೋ ನಡೆಯುತ್ತಿರುವುದು ಈ ಅಂಕಿಯ ಕಾರಣಕ್ಕೇ. ಆ ವೈರಸ್ ಇರುವ ತನಕ ನಮ್ಮ ಆಶಾ ಕಾರ್ಯಕರ್ತೆಯ ಆ ಭಾನುವಾರವೂ, ನಮ್ಮ ಆರೋಗ್ಯ ಇಲಾಖೆಯ ಆ ಹಣವೂ ಅಲ್ಲಿಗೇ ಹೋಗುತ್ತಿರುತ್ತವೆ.

ಮತ್ತು ಡಿಸ್ಟ್ರಿಕ್ಟಿನ ಹಿರಿಯರನ್ನು ಒಂದು ವಿಷಯ ಕೇಳಲೇಬೇಕು. ನಾವು ಕಳಿಸುವ ಹಣದಲ್ಲಿ ಬಹಿಷ್ಕಾರ ಹಾಕಿದ ಊರುಗಳಿಗೆ ನೀರಿನ ಘಟಕವೋ ಆರೋಗ್ಯ ಕೇಂದ್ರವೋ ಎಷ್ಟು ಆಗುತ್ತಿದೆ? ಪಾಕಿಸ್ತಾನದ ರೋಟರಿಯವರು ಇಂಥ ಕೆಲವು ಕೆಲಸ ಮಾಡುತ್ತಿದ್ದಾರೆ, ಅದು ಇನ್ನೂ ಜಾಸ್ತಿ ಆಗಬೇಕು. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವುದಾಗಿ ಘೋಷಿಸಿತು, ದೊಡ್ಡ ದೇಶಗಳ ಕೈ ಬಿಗಿಯಾಗುತ್ತಿದೆ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು 'ಹನಿಗೆ ಸಂಬಂಧ ಇಲ್ಲ' ಅನ್ನಿಸುವ ಈ ಬಾಬ್ತಿಗೇ. ಜುಲೈ 1ಕ್ಕೆ ಹೊಸ ರೋಟರಿ ವರ್ಷ ಶುರು. ಅದಕ್ಕೂ ಮುಂಚೆ ಬಜೆಟ್ ಕೂರುವಾಗಲೇ ಈ ಪ್ರಶ್ನೆ ಬರವಣಿಗೆಯಲ್ಲಿ ಹೋಗಲಿ.